ದಾಖಲೆ ಪ್ರಕಾರ ಈಗ ರಾತ್ರಿ

(ಒಂದು ಕಾಲ್ಪನಿಕ ಸಂದರ್ಶನ)

ಇಂಟರ್ನೆಟ್ ಮನೆಮನೆಗೆ ಬರುವ ಮೊದಲು ಪಿಸಿಯಲ್ಲೇ ಆಕಾಶ ತೋರಿಸುತ್ತಿದ್ದ ತಂತ್ರಾಂಶಗಳ ಪೈಕಿ ‘ಹೋಮ್ ಪ್ಲಾನೆಟ್’ ಹಿರಿಯ ತಲೆ. ಬರೆದವರು ಜಾನ್ ವಾಕರ್. 1982ರಲ್ಲಿ ಆಟೋಡೆಸ್ಕ್ ಕಂಪನಿ ಕಟ್ಟಿ, ಆಟೋಕ್ಯಾಡ್ ತಂದು, ಎಂಜಿನಿಯರುಗಳ ಡ್ರಾಯಿಂಗ್ ಬೋರ್ಡನ್ನು ಮೂಲೆಗೆ ಸರಿಸಿದವರಲ್ಲಿ ಒಬ್ಬರು, 2024ರಲ್ಲಿ ತೀರಿಕೊಂಡರು. ಹೋಮ್ ಪ್ಲಾನೆಟ್ಟಿನ ಮೇಲೆ ಯಾವ ಹಕ್ಕನ್ನೂ ಇಟ್ಟುಕೊಳ್ಳದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದರು. ಅಟ್ಟದಿಂದ ಇಳಿಸಿದ ವಿಂಡೋಸ್ 95 ಪಿಸಿಯೊಂದರಲ್ಲಿ ಅದು ಮಾತಿಗೆ ಸಿಕ್ಕಿತು. ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದ್ದರಿಂದ, ಆ ಪಿಸಿಯ ಪ್ರಕಾರ ಅಂದು 1980ರ ಜನವರಿ 1, ನಡುರಾತ್ರಿ.

ನಾನು: ನಮಸ್ಕಾರ. ಹೇಗಿದ್ದೀರಿ?

ಹೋಮ್ ಪ್ಲಾನೆಟ್: ಇನ್ನೂ ಹುಟ್ಟಿಲ್ಲ ಸ್ವಾಮಿ. ನಾನು ಕೂತಿರೋ ವಿಂಡೋಸ್ 95 ಬರೋದಕ್ಕೇ 15 ವರ್ಷ ಇದೆ. ನಮ್ಮ ಯಜಮಾನರು ಕಂಪನಿ ಶುರು ಮಾಡೋದಕ್ಕೆ ಇನ್ನೂ ಎರಡು ವರ್ಷ. ಆದ್ರೂ ಕೇಳಿ, ಡ್ಯೂಟಿ ಅಂದ್ರೆ ಡ್ಯೂಟಿ.

ನಾನು: ಕಿಟಕಿ ಆಚೆ ನೋಡಿ. ಬಿಸಿಲು ಸುಡ್ತಾ ಇದೆ.

ಹೋ.ಪ್ಲಾ.: ನೀವು ನನ್ನ ನಕ್ಷೆ ನೋಡಿ. ಸೂರ್ಯ ಪೆಸಿಫಿಕ್ ಸಾಗರದ ಮೇಲಿದಾನೆ, ದಕ್ಷಿಣಕ್ಕೆ 23 ಡಿಗ್ರಿ. ಇಂಡಿಯಾ ಪೂರ್ತಿ ಕತ್ತಲು. ಕತ್ತಲಿನ ಅಂಚು ಅಲೆ ಥರ ಬಾಗಿದೆ, ಕಾಣ್ತಾ? ಉತ್ತರ ಧ್ರುವಕ್ಕೆ ಹಗಲೇ ಇಲ್ಲ, ದಕ್ಷಿಣ ಧ್ರುವಕ್ಕೆ ರಾತ್ರಿಯೇ ಇಲ್ಲ. ಮಾರ್ಚ್ 20ರ ಹೊತ್ತಿಗೆ ಈ ಬಾಗೆಲ್ಲ ಬಿಟ್ಟುಹೋಗಿ, ಗೋಡೆ ಎಬ್ಬಿಸಿದ ಹಾಗೆ ಎರಡು ನೆಟ್ಟನೆ ಗೆರೆ ಆಗುತ್ತೆ. ಚಂದ್ರ ನಿಮ್ಮ ನೆತ್ತಿಯಿಂದ ಒಂಚೂರು ಪಶ್ಚಿಮಕ್ಕೆ ವಾಲಿದಾನೆ, ನಾಳೆ ಹುಣ್ಣಿಮೆ. ಲೆಕ್ಕ ಎಲ್ಲ ಸರಿ ಇದೆ. ಬಿಸಿಲು ತಪ್ಪು.

ನಾನು: ತಾಲ್ಲೂಕು ಕಚೇರಿಯಲ್ಲಿ ಕೂತ ಹಾಗಾಯ್ತು.

ಹೋ.ಪ್ಲಾ.: ವ್ಯತ್ಯಾಸ ಇದೆ. ತಾರೀಖು ತಿದ್ದಿ, ಮರುಕ್ಷಣ ನಾನು ಸೂರ್ಯನನ್ನ ತಂದು ನಿಮ್ಮ ತಲೆ ಮೇಲೆ ನಿಲ್ಲಿಸ್ತೀನಿ. ಅಫಿಡವಿಟ್ ಕೇಳಲ್ಲ.

ನಾನು: ಇರಲಿ, 1980 ಅಂತಲೇ ಇಟ್ಕೊಳ್ಳೋಣ. ಮುಂದೇನು ವಿಶೇಷ?

ಹೋ.ಪ್ಲಾ.: ಫೆಬ್ರವರಿ 16, ಶನಿವಾರ ಮಧ್ಯಾಹ್ನ. ಅಂಕೋಲಾ ಕಡೆಯಿಂದ ರಾಯಚೂರು ಜಿಲ್ಲೆವರೆಗೆ ಪೂರ್ಣ ಸೂರ್ಯಗ್ರಹಣ! ಒಂದೂ ಸೀಟು ಖಾಲಿ ಇರಲ್ಲ.

ನಾನು: ಅದು ಆಗಿಹೋಯ್ತು. ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ದೂರದರ್ಶಕ ಹೂಡಿದರು. ಉಳಿದವರು ಬಾಗಿಲು ಹಾಕ್ಕೊಂಡು ಒಳಗೆ ಕೂತರು. ಬೀದಿಯೆಲ್ಲ ಬಿಕೋ.

ಹೋ.ಪ್ಲಾ.: ಒಳಗೆ? ಒಂದು ಊರಿಗೆ ಪೂರ್ಣಗ್ರಹಣ ಇನ್ನೊಂದು ಸಲ ಬರೋಕೆ ಸರಾಸರಿ 375 ವರ್ಷ ಸ್ವಾಮಿ! ಲೆಕ್ಕ ನಂದಲ್ಲ, ಬೆಲ್ಜಿಯಂನ ಜೀನ್ ಮೀಯಸ್ ಅವರದು. ನಮ್ಮಂಥ ತಂತ್ರಾಂಶಗಳಿಗೆಲ್ಲ ಸೂತ್ರ ಕಲಿಸಿದ ಮೇಷ್ಟ್ರು ಅವರು.

ನಾನು: ರಾಹು ಅಂದ್ರೆ ನಮ್ಮ ಜನಕ್ಕೆ ಭಯ.

ಹೋ.ಪ್ಲಾ.: ನನ್ನ ಗ್ರಹಗಳ ಪಟ್ಟಿಯಲ್ಲಿ ಆ ಹೆಸರಿಲ್ಲ. ಸೂರ್ಯನ ದಾರಿಯನ್ನ ಚಂದ್ರನ ದಾರಿ ಎರಡು ಕಡೆ ಕತ್ತರಿಸುತ್ತೆ. ಒಂದು ಕಡೆ ರಾಹು, ಇನ್ನೊಂದು ಕಡೆ ಕೇತು. ಕ್ರಾಸ್ ರೋಡಿಗೆ ಯಾರಾದ್ರೂ ಶಾಂತಿ ಮಾಡಿಸ್ತಾರಾ?

(ಮಾಡಿಸುತ್ತಾರೆ. ಹೇಳಲಿಲ್ಲ. ಅಷ್ಟರಲ್ಲಿ ಅದು ಮರಳುಗಡಿಯಾರ ತೋರಿಸಿ ಸುಮ್ಮನಾಗಿತ್ತು. 2,50,000ಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಹೊತ್ತವರಿಗೆ ಇಷ್ಟು ವಿರಾಮ ಸಲ್ಲಬೇಕು.)

ನಾನು: ಪರದೆ ಮೇಲೆ ಅದೇನು ಓಡ್ತಾ ಇದೆ?

ಹೋ.ಪ್ಲಾ.: ಮೀರ್. ರಷ್ಯನ್ನರ ಬಾಹ್ಯಾಕಾಶ ನಿಲ್ದಾಣ.

ನಾನು: ಅದನ್ನು 2001ರ ಮಾರ್ಚ್ 23ರಂದು ದಕ್ಷಿಣ ಪೆಸಿಫಿಕ್‌ಗೆ ಬೀಳಿಸಿಬಿಟ್ಟರು.

ಹೋ.ಪ್ಲಾ.: ನನಗೆ ಪತ್ರ ಬಂದಿಲ್ಲ.

ನಾನು: ಅಲ್ಲದೆ ಅದು ಹಾರಿದ್ದೇ 1986ರಲ್ಲಿ. ನಿಮ್ಮ ತಾರೀಖು 1980!

ಹೋ.ಪ್ಲಾ.: ನೋಡಿ, ಒಂದೊಂದು ಉಪಗ್ರಹಕ್ಕೂ ನನ್ನ ಕಡತದಲ್ಲಿ ಎರಡು ಸಾಲು. ಸಾಲಿಗೆ 69 ಅಕ್ಷರ. ಕಕ್ಷೆ ಎಷ್ಟು ಓರೆ, ದಿನಕ್ಕೆ ಎಷ್ಟು ಸುತ್ತು, ಎಲ್ಲ ಅದರಲ್ಲೇ. ಮೇಲಿರೋ ತೆಳುಗಾಳಿ ಉಪಗ್ರಹವನ್ನ ಸದಾ ಕೆಳಗೆಳೀತಿರುತ್ತೆ, ಹಾಗಾಗಿ ಆ ಸಾಲುಗಳು ಕೆಲವೇ ವಾರಕ್ಕೆ ಹಳಸಿಬಿಡ್ತವೆ. ಹೊಸದು ತಂದು ಹಾಕೋದು ನಿಮ್ಮ ಕೆಲಸ. ಎಷ್ಟು ವರ್ಷದಿಂದ ಹಾಕಿಲ್ಲ? ಸಾಲು ಇರೋತನಕ ಸತ್ತದ್ದನ್ನೂ ಸುತ್ತಿಸ್ತೀನಿ, ಹುಟ್ಟದೇ ಇದ್ದದ್ದನ್ನೂ ಸುತ್ತಿಸ್ತೀನಿ. ನಿಮ್ಮ ಪಿಂಚಣಿ ಪಟ್ಟಿಯಲ್ಲಿ ಇಂಥೋರು ಇಲ್ವಾ?

ಮಾತು ಬದಲಿಸುವುದು ವಾಸಿ ಅನ್ನಿಸಿತು.

ನಾನು: ನಿಮ್ಮ ನಂತರ ಗೂಗಲ್ ಅರ್ಥ್ ಅಂತ ಬಂತು, 2005ರಲ್ಲಿ. ಮೂಲ ಕೀಹೋಲ್ ಅನ್ನೋ ಕಂಪನಿಯದು. ಅದರಲ್ಲಿ ಸಿಐಎ ಕಡೆಯ ಹೂಡಿಕೆ ಸಂಸ್ಥೆಯ ದುಡ್ಡೂ ಇತ್ತು. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರೇ ಆ ವರ್ಷ ಭದ್ರತೆಯ ಆತಂಕ ಹೇಳಿಕೊಂಡಿದ್ದರು. 2009ರಿಂದ ಗೂಗಲ್‌ನವರು ಹಳೇ ವರ್ಷಗಳ ಉಪಗ್ರಹ ಚಿತ್ರಗಳನ್ನೂ ತೋರಿಸ್ತಿದ್ದಾರೆ.

ಹೋ.ಪ್ಲಾ.: ಜನ ಅದರಲ್ಲಿ ಏನು ನೋಡ್ತಾರೆ?

ನಾನು: ಮೊದಲು ತಮ್ಮ ಮನೆ ತಾರಸಿ. ಆಮೇಲೆ ಪಕ್ಕದ ಮನೆಯವರದು.

ಹೋ.ಪ್ಲಾ.: ಇಡೀ ಭೂಮಿ ಕೈಗೆ ಕೊಟ್ರೆ ಸಿಂಟೆಕ್ಸ್ ಟ್ಯಾಂಕ್ ಹುಡುಕೋದಾ! ನನ್ನಲ್ಲೂ ಭೂಮಿ ನೋಡಬಹುದು ಸ್ವಾಮಿ: ಸೂರ್ಯನಿಂದ, ಚಂದ್ರನಿಂದ, ಬೇಕಾದ್ರೆ ಉಪಗ್ರಹದಿಂದ. ಅದಕ್ಕೆ ನಿಮ್ಮ ಹೆಸರು, ಫೋನ್ ನಂಬರ್ ಏನೂ ಬೇಡ. ನಿಮ್ಮ ಆಕಾಶ ತೋರಿಸು ಅಂದ್ರೆ ಮಾತ್ರ ಅಕ್ಷಾಂಶ, ರೇಖಾಂಶ ಕೇಳ್ತೀನಿ. ಅದನ್ನೂ ಯಾರಿಗೂ ಹೇಳಲ್ಲ. ಹೇಳೋಣ ಅಂದ್ರೆ ಈ ಡಬ್ಬಕ್ಕೆ ನೆಟ್ ವೈರೇ ಇಲ್ಲ.

ನಾನು: ಹಾಗಾದ್ರೆ ನಮ್ಮ ಲೇಔಟ್ ತೋರಿಸೋಕಾಗಲ್ವಾ?

ಹೋ.ಪ್ಲಾ.: ಯಾವ ಊರು?

ನಾನು: ಬೆಂಗಳೂರು. ಕೆರೆ ಏರಿ ಪಕ್ಕದಲ್ಲೇ.

ಹೋ.ಪ್ಲಾ.: ಏರಿಯ ಯಾವ ಪಕ್ಕ?

ನಾನು: ಏನಂದ್ರಿ?

ಹೋ.ಪ್ಲಾ.: ಏರಿ ಅಂದ್ಮೇಲೆ ಎರಡು ಪಕ್ಕ ಇರುತ್ತಲ್ಲ ಸ್ವಾಮಿ, ಗದ್ದೆ ಕಡೇದೊಂದು, ನೀರಿನ ಕಡೇದೊಂದು. ನನ್ನ ನಕ್ಷೆಯಲ್ಲಿ ಬೆಂಗಳೂರೇ ಒಂದು ಚುಕ್ಕೆ ಆಗಲ್ಲ, ಇನ್ನು ಕೆರೆ ಎಲ್ಲಿಂದ ತರಲಿ? ಹಳೇ ವರ್ಷಗಳ ಚಿತ್ರ ತೋರಿಸ್ತಾರೆ ಅಂದ್ರಲ್ಲ, ಅವರನ್ನೇ ಕೇಳಿಬಿಡಿ.