ಏಳಡಿ ಅಗಲದ ವಾನಪ್ರಸ್ಥ

ವಾನಪ್ರಸ್ಥಕ್ಕೆ ಶಾಸ್ತ್ರಗಳು ಕಾಡನ್ನು ಗೊತ್ತುಮಾಡಿದವು. ಇಂಗ್ಲೆಂಡಿನ ಮಧ್ಯಮವರ್ಗ ಅದಕ್ಕೆ ಕಾಲುವೆಯನ್ನು ಆರಿಸಿಕೊಂಡಿದೆ. ಮಕ್ಕಳು ರೆಕ್ಕೆ ಬಲಿತು ಹಾರಿಹೋದ ಮೇಲೆ ಮನೆಯನ್ನು ಮಾರಿ, ಒಂದು ನಾಯಿ, ಒಂದು ಕಲ್ಲಿದ್ದಲ ಒಲೆ ಮತ್ತು ನಾಲ್ಕಾರು ಹೂಕುಂಡಗಳೊಡನೆ ದೋಣಿಯೇರುವ ಈ ನಿವೃತ್ತ ದಂಪತಿಯ ಆಶ್ರಮಕ್ಕೆ ‘ನ್ಯಾರೋಬೋಟ್’ ಎಂದು ಹೆಸರು. ಡೀಸೆಲ್ ಎಂಜಿನ್ನಿನ, ಉಕ್ಕಿನ ಒಡಲಿನ ಈ ದೋಣಿ ಐವತ್ತು ಅರುವತ್ತು ಅಡಿ ಉದ್ದವಿದ್ದರೂ ಅಗಲದಲ್ಲಿ ಏಳಡಿಗೆ ಎರಡಂಗುಲ ಕಡಿಮೆ. 18ನೆಯ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ಮಿಡ್‌ಲ್ಯಾಂಡ್ಸ್ ಪ್ರಾಂತ್ಯದ ಕಾಲುವೆಗಳಲ್ಲಿ ದೋಣಿಯನ್ನು ಏರಿಸಿಳಿಸುವ ‘ಲಾಕು’ ಎಂಬ ತೊಟ್ಟಿಗಳಿಗೆ ಏಳಡಿ ಅಗಲವೇ ಸಾಕೆಂದು ತೀರ್ಮಾನಿಸಿದ್ದರಿಂದ, ಅಂದು ಕಲ್ಲಿದ್ದಲಿನ ಹೊರೆಗೆ ಹಾಕಿದ ಅಳತೆಯೇ ಇಂದು ಸಂಸಾರಕ್ಕೂ ಸಲ್ಲುತ್ತಿದೆ.

ಈ ದಂಪತಿಯ ಧರ್ಮ ನಿಧಾನ. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ. ಹಿಂದೆ ದೋಣಿ ಎಳೆಯುವ ಕುದುರೆಗಳು ನಡೆಯುತ್ತಿದ್ದ ದಂಡೆಯ ದಾರಿಯಲ್ಲಿ ಈಗ ಊರುಗೋಲು ಹಿಡಿದು ವಾಯುವಿಹಾರಕ್ಕೆ ಬಂದ ಮುದುಕರು ದೋಣಿಯನ್ನು ಹಿಂದೆ ಹಾಕಿ, ತಿರುಗಿ ನೋಡಿ ನಗುವುದು ನಿತ್ಯದ ದೃಶ್ಯ. ಹೀಗಿದ್ದರೂ ಕಟ್ಟಿಹಾಕಿದ ದೋಣಿಯ ಪಕ್ಕದಲ್ಲಿ ಮತ್ತೊಬ್ಬರು ಅದೇ ವೇಗದಲ್ಲಿ ಸಾಗಿದರೆ, ಮೂವತ್ತು ವರ್ಷ ಹೆದ್ದಾರಿಯಲ್ಲಿ ಹಾರ್ನ್ ಬಾರಿಸಿಯೇ ಕಚೇರಿ ಸೇರಿದ ಗಂಡ ಕಿಟಕಿಯಿಂದ ತಲೆ ಹೊರಹಾಕಿ ‘ನಿಧಾನ! ನಿಧಾನ!’ ಎಂದು ಗದರುತ್ತಾನೆ. ಒಂದು ಕಡೆ ಕಾಯಂ ತಂಗುದಾಣವಿಲ್ಲದೆ ಸದಾ ಸಂಚರಿಸುವ ದೋಣಿಯವರು ಯಾವ ಜಾಗದಲ್ಲೂ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲಬಾರದೆಂಬುದು 1995ರ ಕಾಯಿದೆಯ ವಿಧಿ. ಆದ್ದರಿಂದ ಎಲ್ಲಿಗೂ ಹೋಗುವ ಆತುರವಿಲ್ಲದ, ಎಲ್ಲಿಯೂ ಇರುವ ಅಧಿಕಾರವಿಲ್ಲದ ಈ ಸ್ವತಂತ್ರ ಜೀವಿಗಳ ಒಲೆಯ ಪಕ್ಕದಲ್ಲಿ ತಾರೀಕಿಗೆ ಗುರುತು ಹಾಕಿದ ಕ್ಯಾಲೆಂಡರೊಂದು ತೂಗುತ್ತಿರುತ್ತದೆ.

ದಾಂಪತ್ಯದ ನಿಜವಾದ ಪರೀಕ್ಷೆ ನಡೆಯುವುದು ಲಾಕಿನಲ್ಲಿ. ಲಾಕ್ ಎಂದರೆ ಎರಡು ತುದಿಗಳಲ್ಲೂ ಭಾರೀ ಕದಗಳಿದ್ದು, ತೂಬು ತೆರೆದು ನೀರು ತುಂಬಿಸಿ ಅಥವಾ ಬಸಿದು ದೋಣಿಯನ್ನು ಮೇಲಿನ ಮಟ್ಟಕ್ಕೆ ಏರಿಸುವ, ಕೆಳಗಿನ ಮಟ್ಟಕ್ಕೆ ಇಳಿಸುವ ತೊಟ್ಟಿ. ಇಲ್ಲಿನ ಶ್ರಮವಿಭಜನೆಯನ್ನು ಯಾವ ಗ್ರಂಥವೂ ವಿಧಿಸಿಲ್ಲ, ಆದರೂ ಮೀರುವವರು ಕಡಿಮೆ: ಗಂಡ ಹಿಂಭಾಗದಲ್ಲಿ ಚುಕ್ಕಾಣಿ ಹಿಡಿದು ನೌಕಾಪತಿಯ ಗಾಂಭೀರ್ಯದಲ್ಲಿ ನಿಲ್ಲುತ್ತಾನೆ, ಹೆಂಡತಿ ದಂಡೆಗೆ ಹಾರಿ, ವಿಂಡ್‌ಲಾಸ್ ಎಂಬ ಕಬ್ಬಿಣದ ಹಿಡಿಕೆಯಿಂದ ತೂಬಿನ ಹಲಗೆ ಎತ್ತಿ, ಕದದ ತೊಲೆಗೆ ಬೆನ್ನು ಕೊಟ್ಟು, ಕಾಲೂರಿ, ಟನ್ನುಗಟ್ಟಲೆ ತೂಗುವ ಮರವನ್ನು ಇಂಚಿಂಚಾಗಿ ತಳ್ಳುತ್ತಾಳೆ. ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸದ ಕಾರಣ ವ್ಯವಹಾರವೆಲ್ಲ ಕೈಸನ್ನೆಯಲ್ಲಿ. ‘ಸಾಕು’ ಎಂದು ಗಂಡ ಎತ್ತಿದ ಅಂಗೈಯನ್ನು ಹೆಂಡತಿ ‘ಇನ್ನಷ್ಟು’ ಎಂದು ಓದಿಕೊಂಡ ಕ್ಷಣದಲ್ಲಿ ನೀರು ಭೋರ್ಗರೆದು, ದೋಣಿ ಮುಗ್ಗರಿಸಿ, ಒಳಗಿನ ಚಹಾದ ಪಾತ್ರೆ ನಾಯಿಯ ಹಾಸಿಗೆಯ ಮೇಲೆ ಮಗುಚಿಕೊಳ್ಳುತ್ತದೆ. ಡಿವೈಜಸ್ ಪಟ್ಟಣದ ಬಳಿಯ ಕೇನ್ ಹಿಲ್‌ನಲ್ಲಿ ಎರಡು ಮೈಲಿಯೊಳಗೆ ಇಂಥ 29 ಲಾಕುಗಳಿದ್ದು, ದಾಟಲು ಐದಾರು ಗಂಟೆ ಬೇಕು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುವುದಕ್ಕೆ ಕಾರಣ ಒಲವಲ್ಲ, ವಾಸ್ತುಶಿಲ್ಪ: ಮುನಿಸಿಕೊಂಡು ಹೋಗಿ ಕದ ಹಾಕಿಕೊಳ್ಳಲು ಇನ್ನೊಂದು ಕೋಣೆಯೇ ಇಲ್ಲ.

ಕನ್ನಡಿಗರಿಬ್ಬರು ಎದುರಾದರೆ ‘ಊಟ ಆಯ್ತಾ’ ಎಂಬಲ್ಲಿಂದ ಮಾತು ಶುರುವಾಗುತ್ತದೆ. ಕಾಲುವೆಯವರು ಊಟದ ಮುಂದಿನ ಘಟ್ಟದಿಂದಲೇ ಶುರುಮಾಡುತ್ತಾರೆ. ಶೌಚದ ತೊಟ್ಟಿಯನ್ನು ಕಾಸು ಕೊಟ್ಟು ಪಂಪಿನಿಂದ ಖಾಲಿ ಮಾಡಿಸುವವರು ಮತ್ತು ಸೂಟ್‌ಕೇಸಿನಂಥ ಕ್ಯಾಸೆಟ್ಟನ್ನು ಸ್ವಹಸ್ತದಿಂದ ಹೊತ್ತು ಸುರಿಯುವವರು ಎಂಬ ಎರಡು ಪಂಥಗಳ ವಾದ ದ್ವೈತ-ಅದ್ವೈತಗಳಷ್ಟೇ ಬಗೆಹರಿಯದ್ದು. ಎರಡೂ ಪಂಥಗಳು ಒಪ್ಪುವ ಆದಿಗ್ರಂಥವೊಂದಿದೆ: ಎಲ್.ಟಿ.ಸಿ. ರೋಲ್ಟ್ 1939ರಲ್ಲಿ ಪತ್ನಿ ಆಂಜೆಲಾಳೊಡನೆ ‘ಕ್ರೆಸಿ’ ಎಂಬ ದೋಣಿಯಲ್ಲಿ ಹೊರಟ ಯಾನದ ಕಥನ, 1944ರ ‘ನ್ಯಾರೋ ಬೋಟ್’. ಪಾಳುಬೀಳುತ್ತಿದ್ದ ಕಾಲುವೆಗಳನ್ನು ಉಳಿಸುವ ಚಳವಳಿಗೆ ಪ್ರೇರಣೆಯಾದ ಈ ಪುಸ್ತಕ ಹೆಚ್ಚಿನ ದೋಣಿಗಳ ಕಪಾಟಿನಲ್ಲಿದೆ; 1951ರಲ್ಲಿ ಆಂಜೆಲಾ ಗಂಡನನ್ನೂ ದೋಣಿಯನ್ನೂ ಬಿಟ್ಟು ಸರ್ಕಸ್ ಕಂಪನಿ ಸೇರಿದಳೆಂಬ ಸಂಗತಿಯನ್ನು ಮಾತ್ರ ಭಕ್ತರು ಫಲಶ್ರುತಿಯಲ್ಲಿ ಹೇಳುವುದಿಲ್ಲ.

ಚುಕ್ಕಾಣಿಯ ಹಿಡಿಕೆಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ, ಬಲಕ್ಕೆ ತಳ್ಳಿದರೆ ಎಡಕ್ಕೆ ಹೋಗುತ್ತದೆ. ಇದು ಗಂಡಸರಿಗಷ್ಟೇ ದಕ್ಕುವ ಗಹನ ವಿದ್ಯೆಯೆಂದು ಗಂಡನ ನಂಬಿಕೆ. ಎಂದಾದರೂ ಅವನ ಸೊಂಟ ಹಿಡಿದುಕೊಂಡು ಚುಕ್ಕಾಣಿ ಕೈಬದಲಾದಾಗ, ದಂಡೆಯಲ್ಲಿ ನಿಂತು ದೋಣಿ ನೋಡುವುದೇ ಕಸುಬಾಗಿರುವ, ‘ಗಾಂಗೂಝ್ಲರ್’ ಎಂದು ಕರೆಸಿಕೊಳ್ಳುವ ಮಂದಿಯ ಕಣ್ಣೆದುರಿಗೇ ಹೆಂಡತಿ ಒಂದು ಕೈಯಲ್ಲಿ ಚಹಾದ ಲೋಟ ಹಿಡಿದು ದೋಣಿಯನ್ನು ಗೋಡೆಗೆ ತಾಗಿಸದೆ ಲಾಕಿನೊಳಗೆ ಸೇರಿಸುತ್ತಾಳೆ. ಗಾಳಿ ಇರಲಿಲ್ಲ, ಅದಕ್ಕೇ ಆಯಿತು ಎನ್ನುತ್ತಾನೆ ಗಂಡ. ಒಂದು ಕಡೆ ತಳ್ಳಿದರೆ ಇನ್ನೊಂದು ಕಡೆಗೇ ಹೋಗುವುದನ್ನು ನಡೆಸುವುದು ಅವಳಿಗೆ ಮದುವೆಯಾದಂದಿನಿಂದ ರೂಢಿ. ದೋಣಿಯಾದರೋ ಕಾರಣ ಹೇಳುವುದಿಲ್ಲ.