ಅಂಜುಬುರುಕನ ಜೂಜು

ನನ್ನ ಉಳಿತಾಯವೆಲ್ಲ ಎಫ್‌ಡಿಯಲ್ಲಿದೆ. ಅದೂ ಒಂದೇ ಬ್ಯಾಂಕಿನಲ್ಲಲ್ಲ. ಠೇವಣಿ ವಿಮೆ ಸಿಗುವುದು 5 ಲಕ್ಷದವರೆಗೆ ಮಾತ್ರ ಎಂದು ಓದಿದ ಮೇಲೆ ಊರಿನ ಬ್ಯಾಂಕುಗಳಿಗೆಲ್ಲ ಪ್ರಸಾದದಂತೆ ಹಂಚಿದ್ದೇನೆ. ಇಂಥವನನ್ನು ಪಣಜಿಗೆ ಕರೆದೊಯ್ದು, ಮಾಂಡೋವಿ ನದಿಯ ಕ್ಯಾಸಿನೊ ಹಡಗು ಹತ್ತಿಸಿದ ಪುಣ್ಯಾತ್ಮ ನನ್ನ ಭಾವಮೈದ.

ನಾನೇನು ತಯಾರಿಯಿಲ್ಲದೆ ಹೋದವನಲ್ಲ. ಬಸ್ಸಿನಲ್ಲೇ ಅವನಿಗೆ ಪಾಠ ಮಾಡಿದೆ. "ನೋಡು, ರೂಲೆಟ್ ಚಕ್ರದಲ್ಲಿ ಸೊನ್ನೆ ಸೇರಿ 37 ಮನೆ. ಒಂದೇ ಅಂಕಿಗೆ ಕಟ್ಟಿ ಗೆದ್ದರೆ 35 ಪಟ್ಟು. ಕೆಂಪಿಗೋ ಕಪ್ಪಿಗೋ ಕಟ್ಟಿದರೆ ಒಂದಕ್ಕೊಂದು. ಹೇಗೆ ಕಟ್ಟಿದರೂ ಸರಾಸರಿ 100 ರೂಪಾಯಿಗೆ 2 ರೂಪಾಯಿ 70 ಪೈಸೆ ಕ್ಯಾಸಿನೊದ್ದೇ. ವ್ಯತ್ಯಾಸ ಇರುವುದು ಏರಿಳಿತದಲ್ಲಿ. ನನ್ನ ಎದೆಗೆ ಕೆಂಪು-ಕಪ್ಪೇ ಸರಿ."

"ಭಾವ, ನೀವು ಆಡೋಕೆ ಬರ್ತಿದ್ದೀರೋ, ಆಡಿಟ್ ಮಾಡೋಕೋ?" ಎಂದ.

ಹಡಗಿನೊಳಗೆ ಮೊದಲು ಕಂಡದ್ದೇ ಅಂದರ್ ಬಾಹರ್ ಮೇಜು. ನಮ್ಮ ಕಡೆ ಹೊಂಗೆ ಮರದಡಿ ಟವೆಲ್ ಹಾಸಿ ಆಡಿದರೆ ಪೊಲೀಸರು ಬಂದು ಆಡಿದವರನ್ನೇ ಅಂದರ್ ಮಾಡುತ್ತಾರೆ, ಇಲ್ಲಿ ಎ.ಸಿ. ತಂಪಿನಲ್ಲಿ ಕೋಟು ತೊಟ್ಟ ಹುಡುಗಿ ನಗುನಗುತ್ತಾ ಎಲೆ ಹಾಕುತ್ತಿದ್ದಳು. ಆದರೂ ಒಮ್ಮೆ ಹಿಂದೆ ತಿರುಗಿ ನೋಡಿಕೊಂಡೆ.

ಇಬ್ಬರೂ ತಲಾ 7,500 ರೂಪಾಯಿಯ ಚಿಪ್ ಕೊಂಡೆವು. ಭಾವಮೈದ ತನ್ನದನ್ನೆಲ್ಲ 17ರ ಮೇಲೆ ಸುರಿದು, ನೋಡನೋಡುತ್ತಿದ್ದಂತೆ ಬರಿಗೈಯಾಗಿ, ಶಿಳ್ಳೆ ಹಾಕುತ್ತಾ ಮೇಲಿನ ಡೆಕ್ಕಿಗೆ ಊಟಕ್ಕೆ ಹೋದ. ನಾನು ಕೆಂಪಿನ ಮೇಲೆ 500 ಇಡುತ್ತಾ ನಿಂತೆ. ಬಂತು, ಹೋಯಿತು, ಹೋಯಿತು, ಬಂತು. ಗಂಟೆಗಟ್ಟಲೆ ನಿಂತರೂ ಕೈಯಲ್ಲಿ ಅದೇ 7,500. ಕಾಲು ಮಾತ್ರ ಊದಿತ್ತು.

ಆಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಕಿವಿಯಲ್ಲಿ ಉಪದೇಶ ಮಾಡಿದರು: "ಸೋತಾಗೆಲ್ಲ ಡಬಲ್ ಮಾಡಿ ಸಾರ್. ಒಂದು ಸಲ ಗೆದ್ದರೆ ಹೋದದ್ದೆಲ್ಲ ವಾಪಸ್, ಮೇಲೆ 500 ಲಾಭ." ನಷ್ಟವೇ ಇಲ್ಲದ ಯೋಜನೆ! ಬಡ್ಡಿ ಲೆಕ್ಕದಲ್ಲಿ ಪಳಗಿದ ನನ್ನ ತಲೆಗೆ ತಕ್ಷಣ ಒಪ್ಪಿಗೆಯಾಯಿತು. 500 ಹೋಯಿತು. 1,000 ಇಟ್ಟೆ, ಕಪ್ಪು. 2,000 ಇಟ್ಟೆ, ಮತ್ತೆ ಕಪ್ಪು. ಅಂಗೈ ಬೆವರಿ ಚಿಪ್ ಬೆರಳಿಗೆ ಅಂಟಿಕೊಳ್ಳುತ್ತಿತ್ತು. ಉಳಿದ 4,000ವನ್ನೂ ಮುಂದೆ ತಳ್ಳಿದೆ. ಚೆಂಡು ಕೆಂಪಿನ ಮನೆ ಮುಟ್ಟಿ, ಏನೋ ನೆನಪಾದವರ ಹಾಗೆ ಎದ್ದು, ಪಕ್ಕದ ಹಸಿರು ಸೊನ್ನೆಯಲ್ಲಿ ಹೋಗಿ ಕೂತಿತು. ತಿರುಗಿ ನೋಡಿದರೆ ಉಪದೇಶಕರ ಪತ್ತೆಯಿಲ್ಲ.

ಸತತ ನಾಲ್ಕು ಸಲ ಸೋಲುವ ಸಂಭವ 100ಕ್ಕೆ ಸುಮಾರು 7. ಇದನ್ನು ಲೆಕ್ಕ ಹಾಕಿದ್ದು ಹೋಟೆಲ್ ರೂಮಿಗೆ ಬಂದ ಮೇಲೆ. ರಾತ್ರಿಯಿಡೀ ಆಡುವವನನ್ನು ಆ 7 ಹುಡುಕಿಕೊಂಡು ಬರದೆ ಬಿಡುವುದೇ? 500 ರೂಪಾಯಿ ಲಾಭಕ್ಕೆ 7,500 ಒಡ್ಡಿದ ನಾನು ಮನೆಯವರ ಲೆಕ್ಕದಲ್ಲಿ ಹುಷಾರಿ; ಅಷ್ಟೇ ದುಡ್ಡಿಗೆ ಲಕ್ಷದ ಕನಸು ಕಂಡು, ಹೊಟ್ಟೆ ತುಂಬ ಉಂಡು, ಗೊರಕೆ ಹೊಡೆದವನು ದುಂದುಗಾರ.

ನಾನು ಮೇಲಿನ ಡೆಕ್ಕಿಗೆ ಹೋದಾಗ ಬಫೆಯಲ್ಲಿ ಉಳಿದಿದ್ದದ್ದು ಸೌತೆಕಾಯಿ ಹೋಳು ಮತ್ತು ತಣ್ಣಗಾದ ಅನ್ನ. ಹಡಗು ಹತ್ತುವವರು ದಯವಿಟ್ಟು ಗಮನಿಸಿ: ಪ್ರವೇಶದ ದುಡ್ಡಿನಲ್ಲಿ ಸಾಮಾನ್ಯವಾಗಿ ಊಟವೂ ಸೇರಿರುತ್ತದೆ. ಮೊದಲು ಉಂಡುಬಿಡಿ.