ಡಬ್ಬಿಯೊಳಗಿನ ಪುಣ್ಯ

ಹಿಂದೆಲ್ಲ ಅಮೆರಿಕದಿಂದ ರಜೆಗೆ ಬರುವ ಮಕ್ಕಳು ಚಾಕೊಲೇಟು, ಸೆಂಟು, ಅಳತೆ ತಪ್ಪಿದ ಟೀ ಶರ್ಟು ತರುತ್ತಿದ್ದರು. ಈಗ ಮಾತ್ರೆ ಡಬ್ಬಿ ತರುತ್ತಾರೆ. ಮೈಸೂರಿನಲ್ಲಿರುವ ನಮ್ಮ ಸೋದರಮಾವನ ಮನೆಯ ಫ್ರಿಜ್ಜಿನ ನೆತ್ತಿಯ ಮೇಲೆ ಇವುಗಳ ಒಂದು ಸಭೆಯೇ ನೆರೆದಿದೆ. ವಿಟಮಿನ್ ಸಿ, ವಿಟಮಿನ್ ಇ, ದ್ರಾಕ್ಷಿ ಬೀಜದ ಸಾರ, ಗ್ರೀನ್ ಟೀ ಸಾರ. ಜೊತೆಗೆ ನಮ್ಮ ಅರಿಶಿನವೇ ಕ್ಯಾಪ್ಸೂಲಿನ ಕೋಟು ತೊಟ್ಟು, ಡಾಲರಿನಲ್ಲಿ ಬೆಲೆ ಕಟ್ಟಿಸಿಕೊಂಡು, ವಿಮಾನ ಹತ್ತಿ ತವರಿಗೆ ಬಂದಿದೆ. ಅತ್ತೆಯ ಒಗ್ಗರಣೆ ಡಬ್ಬಿಯಲ್ಲಿ ಇದರ ದಾಯಾದಿ ತಣ್ಣಗೆ ಕೂತಿದೆ. ಅದಕ್ಕೆ ಮಾವನ ಕಣ್ಣಲ್ಲಿ ಕಿಮ್ಮತ್ತಿಲ್ಲ.

ಮಾವನಿಗೆ ಡಾಕ್ಟರು ಹೇಳಿರುವುದು ಮೆಟಬಾಲಿಕ್ ಸಿಂಡ್ರೋಮ್. ಅದು ಒಂಟಿ ಕಾಯಿಲೆಯಲ್ಲ, ಗುಂಪು. ದಪ್ಪ ಸೊಂಟ, ಏರಿದ ರಕ್ತದೊತ್ತಡ, ಏರಿದ ಸಕ್ಕರೆ, ಏರಿದ ಟ್ರೈಗ್ಲಿಸರೈಡು, ಇಳಿದ ಒಳ್ಳೆಯ ಕೊಲೆಸ್ಟರಾಲು: ಈ ಐದರಲ್ಲಿ ಯಾವ ಮೂರು ಸೇರಿದರೂ ಕೋರಂ ಆಯಿತು. 1988ರಲ್ಲಿ ಸ್ಟ್ಯಾನ್‌ಫರ್ಡ್‌ನ ವೈದ್ಯ ಜೆರಾಲ್ಡ್ ರೀವನ್ ಇದನ್ನು 'ಸಿಂಡ್ರೋಮ್ ಎಕ್ಸ್' ಎಂದು ಕರೆದರು. ನಮ್ಮ ಎನ್. ನರಸಿಂಹಯ್ಯನವರ ಕಿವಿಗೆ ಈ ಹೆಸರು ಬಿದ್ದಿದ್ದರೆ ಒಂದು ಪತ್ತೇದಾರಿ ಕಾದಂಬರಿ ಗ್ಯಾರಂಟಿ. ರೀವನ್ನರ ಮೂಲ ಪಟ್ಟಿಯಲ್ಲಿ ಹೊಟ್ಟೆಯ ಪ್ರಸ್ತಾಪ ಇರಲಿಲ್ಲ. ಅದು ಆಮೇಲೆ ಮುಂದೆ ಬಂತು.

ಇದಕ್ಕೂ ಡಬ್ಬಿಗಳಿಗೂ ಏನು ಸಂಬಂಧ? ಇದೆ, ಮತ್ತು ಅದು ಬರೀ ವ್ಯಾಪಾರಿಗಳ ಕಟ್ಟುಕತೆಯಲ್ಲ. ಬೇಕಾದ್ದಕ್ಕಿಂತ ಹೆಚ್ಚು ಸಕ್ಕರೆ, ಕೊಬ್ಬು ಜೀವಕೋಶಕ್ಕೆ ಬಂದು ಬಿದ್ದರೆ, ಅಲ್ಲಿ ಚುರುಕು ಸ್ವಭಾವದ ಆಮ್ಲಜನಕದ ಕಣಗಳು ಹೆಚ್ಚುತ್ತವೆ. ಇನ್ಸುಲಿನ್ ಹೇಳಿದ ಮಾತು ಕೋಶಕ್ಕೆ ಸರಿಯಾಗಿ ಕೇಳಿಸದಂತಾಗುವುದರಲ್ಲಿ ಇವುಗಳ ಕೈವಾಡವೂ ಇದೆ. ಡಬ್ಬಿಯ ವಿಟಮಿನ್ನು, ಸಾರಗಳು ಈ ಕಣಗಳ ಚುರುಕನ್ನು ತಣಿಸುವ ಆಂಟಿಆಕ್ಸಿಡೆಂಟುಗಳು. ಇಂಥ ಕಣಗಳೇ ನಮ್ಮನ್ನು ಮುದಿಯಾಗಿಸುತ್ತವೆ ಎಂದು 1956ರಲ್ಲೇ ಡೆನಮ್ ಹಾರ್ಮನ್ ವಾದಿಸಿದ್ದರು. ಎರಡು ನೊಬೆಲ್ ಗೆದ್ದ ಲೈನಸ್ ಪೌಲಿಂಗ್ 1970ರಲ್ಲಿ ವಿಟಮಿನ್ ಸಿ ಪರವಾಗಿ ಪುಸ್ತಕವನ್ನೇ ಬರೆದರು. ಎರಡು ನೊಬೆಲ್ ಇರುವವರ ಎದುರು ನಮ್ಮ ಮಾವ ಎಷ್ಟರವರು?

ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು. ಮನುಷ್ಯರ ಮೇಲೆ ಕೈಕೊಟ್ಟಿತು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಿದ್ದಾಗ, ಬೀಟಾ ಕ್ಯಾರೊಟೀನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಿತ್ತು. ಫ್ರಾನ್ಸಿನವರು ಮಾವನ ಸಮಸ್ಯೆಯನ್ನೇ ನೇರವಾಗಿ ಕೈಗೆತ್ತಿಕೊಂಡರು. 5,000ಕ್ಕೂ ಹೆಚ್ಚು ಜನರನ್ನು ಏಳೂವರೆ ವರ್ಷ ಗಮನಿಸಿ 2009ರಲ್ಲಿ ವರದಿ ಕೊಟ್ಟರು: ಸಿ, ಇ, ಬೀಟಾ ಕ್ಯಾರೊಟೀನ್, ಸೆಲೆನಿಯಂ, ಸತು ಎಲ್ಲ ಸೇರಿಸಿ ದಿನಾ ಕೊಟ್ಟರೂ ಮೆಟಬಾಲಿಕ್ ಸಿಂಡ್ರೋಮ್ ಬರುವ ಸಾಧ್ಯತೆ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಆದರೆ ಶುರುವಿನಲ್ಲೇ ಯಾರ ರಕ್ತದಲ್ಲಿ ಬೀಟಾ ಕ್ಯಾರೊಟೀನು, ವಿಟಮಿನ್ ಸಿ ಚೆನ್ನಾಗಿದ್ದವೋ ಅವರಲ್ಲಿ ಕಾಯಿಲೆ ಕಡಿಮೆ.

ಇದೇನು ವಿಚಿತ್ರ ಅನ್ನಿಸಬಹುದು. ನನಗೆ ತೋಚುವುದು ಇಷ್ಟು. ಅವರ ರಕ್ತಕ್ಕೆ ಅವು ಬಂದದ್ದು ಡಬ್ಬಿಯಿಂದಲ್ಲ, ತಟ್ಟೆಯಿಂದ. ದಂಟಿನ ಸೊಪ್ಪಿನ ಹುಳಿ, ಹುರುಳಿಕಾಯಿ ಪಲ್ಯ ತಟ್ಟೆಯಲ್ಲಿ ಜಾಗ ಹಿಡಿದರೆ ಅನ್ನದ ಗುಡ್ಡ ಸ್ವಲ್ಪ ಒತ್ತರಿಸಿಕೊಳ್ಳಲೇಬೇಕು. ಮಾತ್ರೆ ತಟ್ಟೆಯಲ್ಲಿ ಜಾಗ ಕೇಳುವುದಿಲ್ಲ. ಅದರ ಜನಪ್ರಿಯತೆಯ ಗುಟ್ಟೂ ಅದೇ.

ಮಾವ ಬೆಳಿಗ್ಗೆ ಎದ್ದು ಸಿ ಒಂದು, ಇ ಒಂದು ನುಂಗಿ ಕುಕ್ಕರಹಳ್ಳಿ ಕೆರೆ ಸುತ್ತುತ್ತಾರೆ. ವಾಪಸು ಬರುವಾಗ ಬೆಣ್ಣೆ ಹಾಕಿದ ಮಸಾಲೆ ದೋಸೆ. "ಮಾತ್ರೆ ತಗೊಂಡಿದೀನಿ ಕಣೋ, ಏನೂ ಆಗಲ್ಲ" ಅನ್ನುತ್ತಾರೆ. ಶಾಸ್ತ್ರದ ಪ್ರಕಾರ ಪಾಪ ಮೊದಲು, ಪ್ರಾಯಶ್ಚಿತ್ತ ಆಮೇಲೆ. ಇವರದು ಅಡ್ವಾನ್ಸ್ ಬುಕಿಂಗ್. ದೋಸೆಯ ಬಗ್ಗೆ ನನಗೆ ತಕರಾರಿಲ್ಲ, ಆ ಊರಿನಲ್ಲಿದ್ದು ತಿನ್ನದಿರುವುದು ಕಷ್ಟ. ತಕರಾರಿರುವುದು ನಡಿಗೆಗೆ ಮುಂಚಿನ ಮಾತ್ರೆಯ ಬಗ್ಗೆ.

ಯಾಕೆಂದರೆ ಜರ್ಮನಿಯಲ್ಲಿ ಮೈಕೆಲ್ ರಿಸ್ಟೊ ಮತ್ತು ಸಂಗಡಿಗರು ಯುವಕರಿಗೆ ನಾಲ್ಕು ವಾರ ಕಸರತ್ತು ಮಾಡಿಸಿದರು. ಅರ್ಧ ಜನಕ್ಕೆ ದಿನಾ 1,000 ಮಿಲಿಗ್ರಾಂ ವಿಟಮಿನ್ ಸಿ, 400 ಯೂನಿಟ್ ವಿಟಮಿನ್ ಇ ಕೊಟ್ಟರು. ಬರೀ ಬೆವರು ಸುರಿಸಿದವರ ಮೈ ಇನ್ಸುಲಿನ್ನಿನ ಮಾತನ್ನು ಮೊದಲಿಗಿಂತ ಚೆನ್ನಾಗಿ ಕೇಳತೊಡಗಿತು. ಮಾತ್ರೆಯನ್ನೂ ನುಂಗಿದವರಲ್ಲಿ ಆ ಲಾಭ ಕಾಣಲಿಲ್ಲ. ಸ್ನಾಯು ದುಡಿಯುವಾಗ ಹುಟ್ಟುವ ಆ ತುಂಟ ಕಣಗಳೇ ಮೈಗೆ ಸುದ್ದಿ ಮುಟ್ಟಿಸುತ್ತವಂತೆ: ಏಳು, ನಿನ್ನ ಸ್ವಂತ ರಕ್ಷಣಾ ಕಿಣ್ವಗಳನ್ನು ತಯಾರಿಸಿಕೋ ಎಂದು. ಮಾತ್ರೆ ಆ ದೂತರನ್ನು ಹೊಸ್ತಿಲಲ್ಲೇ ತಡೆದುಬಿಟ್ಟಿತು. ಆಮೇಲಿನ ಎಲ್ಲ ಅಧ್ಯಯನಗಳಲ್ಲೂ ಇಷ್ಟು ಖಡಾಖಂಡಿತ ಉತ್ತರ ಸಿಗಲಿಲ್ಲ, ನಿಜ. ಆದರೂ ಕೆರೆ ಸುತ್ತಿದ ಫಲವನ್ನು ದುಡ್ಡು ಕೊಟ್ಟು ಅಳಿಸಿಹಾಕುವ ಸಾಹಸ ಯಾಕೆ ಬೇಕು?

ಇದನ್ನು ವಿವರಿಸಿದಾಗ ಅತ್ತೆ, "ಅದಕ್ಕೇ ಮೂರು ವರ್ಷದಿಂದ ಹೊಟ್ಟೆ ಅಲ್ಲೇ ಇದೆ" ಅಂದರು. ಮಾವ ಪೇಪರು ಮುಖಕ್ಕೆ ಹಿಡಿದರು.

ನಾನು ತೆಳ್ಳಗಿದ್ದೇನೆ ಎಂದು ನಗುವವರಿಗೂ ಒಂದು ಸುದ್ದಿ ಇದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಅಕ್ಕಪಕ್ಕ ನಿಂತ ತಮ್ಮದೇ ಚಿತ್ರವನ್ನು 2004ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರದೂ 22.3. ಮೈಕೊಬ್ಬು ಮಾತ್ರ ಯುಡ್ಕಿನ್ನರದು ಶೇ. 9.1, ನಮ್ಮ ಯಾಜ್ಞಿಕರದು ಶೇ. 21.2. ನಮ್ಮ ಬೊಜ್ಜು ಅಂಗಿಯೊಳಗೆ ಅಡಗಿ ಕೂರುವ ಜಾತಿಯದು.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ? ಚೆನ್ನೈನ ವೈದ್ಯರು 2006ರಲ್ಲಿ ತೋರಿಸಿದ್ದಾರೆ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಭಾರತೀಯರು ಊಟ ತಿದ್ದಿಕೊಂಡು, ನಡೆದಾಡಿದ್ದರಿಂದಲೇ ಕಾಯಿಲೆಯ ಅಪಾಯ ಶೇ. 28.5ರಷ್ಟು ಇಳಿಯಿತು. ಇದನ್ನು ಡಬ್ಬಿಯಲ್ಲಿ ತುಂಬಿ ಮಾರಲು ಬರುವುದಿಲ್ಲವಾದ್ದರಿಂದ ಇದಕ್ಕೆ ಜಾಹೀರಾತೂ ಇಲ್ಲ.

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆ ಇಲ್ಲದ ಕೆಲವರಲ್ಲಿ ಕೊಬ್ಬಿನಿಂದ ಬಾವು ಬಂದ ಯಕೃತ್ತಿಗೆ ವಿಟಮಿನ್ ಇ ಅನುಕೂಲ ಮಾಡಿದ್ದುಂಟು. ಡಾಕ್ಟರು ಅದಕ್ಕೆಂದು ಬರೆದುಕೊಟ್ಟಿದ್ದರೆ ನನ್ನ ಪ್ರಬಂಧ ಓದಿ ನಿಲ್ಲಿಸಬೇಡಿ. ಉಳಿದವರು ಟೈಲರ್ ಟೇಪು ತಂದು ಸೊಂಟ ಅಳೆದುಕೊಳ್ಳಿ. ನಮ್ಮವರ ಮಿತಿ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80. ಅಳೆಯುವಾಗ ದಯವಿಟ್ಟು ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳಬೇಡಿ.